ಹೆಣ್ಣಿನ ಸ್ವಾತಂತ್ರ್ಯ ಕುರಿತ ಪುಸ್ತಕಗಳನ್ನು ಹುಡುಕಿ ಓದುವ ಬಗೆ

ಲೈಬ್ರರಿಯಲ್ಲಿ ಡ್ಯೂಯಿ ದಶಾಂಶ ಪದ್ಧತಿ (ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಕ್ರಮ) ಇದ್ದರೆ ಮೊದಲು 305.4ರ ಕಪಾಟಿಗೆ ಹೋಗಿ. ಮಹಿಳೆಯರ ಕುರಿತ ಸಾಮಾಜಿಕ ಅಧ್ಯಯನಗಳು ಅಲ್ಲಿರುತ್ತವೆ. ಅಷ್ಟಕ್ಕೇ ನಿಲ್ಲಬೇಡಿ: ಜೀವನಕಥೆಗಳು 920ರಲ್ಲಿ, ದೇಶಗಳ ಇತಿಹಾಸ ಬೇಕಿದ್ದರೆ, ಉದಾಹರಣೆಗೆ, ಇರಾನಿನದು 955ರಲ್ಲಿ, ಅಫ್ಘಾನಿಸ್ತಾನದ್ದು 958.1ರಲ್ಲಿ ಸಿಗುತ್ತದೆ.

ಪುಸ್ತಕ ಕೈಗೆ ಬಂದೊಡನೆ ಶೀರ್ಷಿಕೆ ಪುಟದ ಹಿಂಬದಿ ನೋಡಿ, ಮೊದಲ ಮುದ್ರಣದ ವರ್ಷ ಬರೆದಿಟ್ಟುಕೊಳ್ಳಿ. ಎಡವುವುದು ಇಲ್ಲೇ. ಸೌದಿ ಅರೇಬಿಯಾದಲ್ಲಿ ಹೆಂಗಸರು ಕಾರು ಓಡಿಸಬಾರದೆಂಬ ನಿಷೇಧ 2018ರ ಜೂನ್‌ನಲ್ಲಿ ತೆರವಾಯಿತು. ಅದಕ್ಕೂ ಹಿಂದಿನ ಪುಸ್ತಕ ಇಂದಿನ ಚಿತ್ರವಲ್ಲ. ಅಫ್ಘಾನಿಸ್ತಾನದಲ್ಲಿ ಇದು ತಿರುಗುಮುರುಗು. 2010ರ ಪುಸ್ತಕದಲ್ಲಿ ಹುಡುಗಿಯರು ಹೈಸ್ಕೂಲಿಗೆ ಹೋಗುತ್ತಾರೆ, 2021ರಲ್ಲಿ ಆ ಬಾಗಿಲು ಮುಚ್ಚಿತು.

ಮಾತಾಡುತ್ತಿರುವವರು ಯಾರು? ಪುಸ್ತಕದಲ್ಲಿರುವ ಹೆಣ್ಣೇ ಬರೆದದ್ದೋ, ಪತ್ರಕರ್ತರು ಕೇಳಿ ಬರೆದದ್ದೋ, ದೇಶ ಬಿಟ್ಟ ಮೇಲಿನ ನೆನಪೋ? ಮುನ್ನುಡಿ, ಕೃತಜ್ಞತೆಯ ಪುಟಗಳಲ್ಲಿ ಸಾಮಾನ್ಯವಾಗಿ ಸುಳಿವಿರುತ್ತದೆ. ಮುಖಪುಟದ ಮುಸುಕಿನ ಚಿತ್ರ ಬಹುಮಟ್ಟಿಗೆ ಪ್ರಕಾಶಕರ ಆಯ್ಕೆ; ಅದರಿಂದ ಏನನ್ನೂ ತೀರ್ಮಾನಿಸಬೇಡಿ.

ಓದುತ್ತಾ ಒಂದು ಹಾಳೆಯಲ್ಲಿ ಮೂರು ಕಾಲಂ ತುಂಬಿ: ಕಾನೂನು ತಡೆದದ್ದು, ಮನೆಯವರು ತಡೆದದ್ದು, ಆಕೆ ತಾನೇ ಆರಿಸಿಕೊಂಡದ್ದು. ಪುಟಸಂಖ್ಯೆಯೂ ಇರಲಿ. ಇರಾನಿನಲ್ಲಿ ವಿವಾಹಿತೆಯ ಪಾಸ್‌ಪೋರ್ಟಿಗೆ ಗಂಡನ ಒಪ್ಪಿಗೆ ಬೇಕು, ಅದು ಮೊದಲನೆಯದು. ಅಣ್ಣ ಪಾಸ್‌ಪೋರ್ಟ್ ಬಚ್ಚಿಟ್ಟರೆ ಎರಡನೆಯದು. ಮೂರನೇ ಕಾಲಂ ಖಾಲಿ ಉಳಿದರೆ ದಯವಿಟ್ಟು ಮತ್ತೆ ಓದಿ. ಗುಟ್ಟಾಗಿ ಕಲಿತ ಅಕ್ಷರ, ಕೂಡಿಟ್ಟ ಹಣ, ಒಲ್ಲೆನೆಂದ ಸಂಬಂಧ ಕಣ್ತಪ್ಪಿರುತ್ತವೆ.

ಲೈಬ್ರರಿ ಪುಸ್ತಕದ ಅಂಚಿನಲ್ಲಿ ಗೀಚಬೇಡಿ. 300 ಪುಟ ದಿನಕ್ಕೆ 25ರಂತೆ 12 ದಿನ; ಹಿಂದಿರುಗಿಸಲು ಎರಡು ವಾರದ ಗಡುವಿದ್ದರೆ ಟಿಪ್ಪಣಿ ತಿದ್ದಲು ಎರಡು ದಿನ ಉಳಿಯುತ್ತದೆ.