ಬೇರೆ ಕೆಲಸ ಹುಡುಕಿದ್ದಕ್ಕೆ ಕೆಲಸದಿಂದ ತೆಗೆದರೆ ಏನು ಮಾಡಬೇಕು?

ಸಂಜೆ ಐದೂವರೆಗೆ ಎಚ್‌ಆರ್ ಕರೆಯುತ್ತಾರೆ. ಚಿಕ್ಕ ಮೀಟಿಂಗ್ ರೂಮು. ಮೇಜಿನ ಮೇಲೆ ಕೆಲಸ ಹುಡುಕುವ ನೌಕ್ರಿ ವೆಬ್‌ಸೈಟಿನಲ್ಲಿರುವ ನಿಮ್ಮ ಪ್ರೊಫೈಲಿನ ಪ್ರಿಂಟೌಟು, ಪಕ್ಕದಲ್ಲಿ ಒಂದು ಬಿಳಿ ಹಾಳೆ, ಅದರ ಮೇಲೆ ಪೆನ್ನು. "ನೀವೇ ಹೋಗ್ಬೇಕು ಅಂತಿದ್ದೀರಲ್ಲ, ಒಂದು ರಾಜೀನಾಮೆ ಬರೆದುಕೊಡಿ. ನಾವು ತೆಗೆದ ಹಾಗಾದ್ರೆ ನಿಮ್ಮ ಮುಂದಿನ ಕೆಲಸಕ್ಕೇ ತೊಂದರೆ."

ನಾನು ಬರೆದುಕೊಟ್ಟೆ. ಆ ಎರಡು ಸಾಲಿಗೆ ನನಗೆ ಎರಡು ತಿಂಗಳ ಸಂಬಳ ಹೋಯಿತು. ನಾನೇ ಬಿಟ್ಟೆ, ಅದೂ ಅವತ್ತಿನಿಂದಲೇ ಬಿಟ್ಟೆ ಅಂತ ಕಾಗದದಲ್ಲಿ ಇತ್ತಲ್ಲ, ಹಾಗಾಗಿ ನೋಟಿಸ್ ಅವಧಿಯ ದುಡ್ಡನ್ನು ಅವರು ನನಗೆ ಕೊಡುವ ಬದಲು ನನ್ನಿಂದಲೇ ಕಡಿದುಕೊಂಡರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕೆಲಸ ಹೋದಾಗ ದುಡ್ಡು ಯಾವ ಕಡೆಗೆ ಹರಿಯುತ್ತದೆ ಅನ್ನುವುದು, ಬಿಟ್ಟವರು ಯಾರು ಅಂತ ಕಾಗದದಲ್ಲಿ ಇದೆ ಅನ್ನುವುದರ ಮೇಲೆ ನಿಂತಿರುತ್ತದೆ.

ಹಾಗಾಗಿ ಮೊದಲ ಕೆಲಸ, ಸಹಿ ಹಾಕಬೇಡಿ. ಕೂಗಾಡುವುದೂ ಬೇಡ. "ನಾನು ರಾಜೀನಾಮೆ ಕೊಡುತ್ತಿಲ್ಲ, ತೆಗೆಯುವುದಾದರೆ ಕಾರಣ ಬರೆದು ಪತ್ರ ಕೊಡಿ" ಅಂತ ಹೇಳಿ ಎದ್ದು ಬನ್ನಿ. ಯೋಚಿಸಲು ಒಂದು ದಿನ ಬೇಕು ಅಂದರೂ ಸರಿ. ಅವತ್ತು ರಾತ್ರಿಯೇ ನಿಮ್ಮ ಸ್ವಂತ ಇಮೇಲಿನಿಂದ ಎಚ್‌ಆರ್‌ಗೆ ನಾಲ್ಕು ಸಾಲು ಬರೆಯಿರಿ: ಇಂಥ ದಿನ, ಇಷ್ಟು ಗಂಟೆಗೆ, ಇಂಥವರು ಕರೆದು ಹೀಗೆ ಹೇಳಿದರು, ನಾನು ರಾಜೀನಾಮೆ ಕೊಟ್ಟಿಲ್ಲ, ಕೆಲಸಕ್ಕೆ ಬರಲು ಸಿದ್ಧ ಇದ್ದೇನೆ. ಮರುದಿನ ಕೆಲಸಕ್ಕೆ ಹೋಗಿ. ಗೇಟಿನಲ್ಲೇ ತಡೆದರೆ ಅದನ್ನೂ ಅಲ್ಲೇ ನಿಂತು ಮೇಲ್ ಮಾಡಿ. ಇಲ್ಲದಿದ್ದರೆ ಆಮೇಲೆ "ಹೇಳದೆ ಕೇಳದೆ ಕೆಲಸ ಬಿಟ್ಟು ಹೋದರು" ಅಂತ ಬರೆದುಬಿಡುತ್ತಾರೆ.

ಆಗಲೇ ಬರೆದುಕೊಟ್ಟುಬಿಟ್ಟಿದ್ದೀರಾ? ಎದೆಗುಂದಬೇಡಿ. ರಾಜೀನಾಮೆ ಜಾರಿಗೆ ಬರುವ ದಿನಕ್ಕೆ ಮುಂಚೆ ಅದನ್ನು ವಾಪಸ್ ತೆಗೆದುಕೊಳ್ಳಲು ಅವಕಾಶ ಇರುತ್ತದೆ. ಬೆಂಗಳೂರಿನ ಬಿಇಎಂಎಲ್ ನೌಕರರೊಬ್ಬರ ಕೇಸಿನಲ್ಲಿ ಆಗಿದ್ದು ಇದೇ. ಅವರ ರಾಜೀನಾಮೆ ಅಂಗೀಕಾರ ಆಗಿತ್ತು, ಆದರೆ ಕೆಲಸದಿಂದ ಬಿಡುಗಡೆಯ ದಿನ ಇನ್ನೂ ಬಂದಿರಲಿಲ್ಲ. ಅಷ್ಟರೊಳಗೆ ಅವರು ವಾಪಸ್ ಪಡೆದಿದ್ದರು, 2005ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿಯೇ ತೀರ್ಪು ಕೊಟ್ಟಿತು. ಸರ್ಕಾರಿ ಕಂಪನಿಯ ಕೇಸು ಅದು, ಖಾಸಗಿ ಕಂಪನಿಯಲ್ಲಿ ಅಷ್ಟು ಸಲೀಸಲ್ಲ. ಆದರೂ ಒತ್ತಾಯ ಮಾಡಿ ಬರೆಸಿಕೊಂಡರು, ವಾಪಸ್ ಪಡೆಯುತ್ತಿದ್ದೇನೆ ಅಂತ ಆ ದಿನವೇ ಮೇಲ್ ಹೋಗಲಿ. ವಾರ ಬಿಟ್ಟು ಬರೆದ ಮೇಲ್‌ಗೆ ಆ ತೂಕ ಇರುವುದಿಲ್ಲ.

ಈಗ ಕಾನೂನಿನ ಮಾತು. ಬೇರೆ ಕೆಲಸ ಹುಡುಕುವುದು ಅಪರಾಧ ಅಲ್ಲ. ಹಾಗಂತ, ಹುಡುಕಿದವರನ್ನು ತೆಗೆಯಬಾರದು ಅಂತ ಹೇಳುವ ಪ್ರತ್ಯೇಕ ಕಾನೂನೂ ನಮ್ಮಲ್ಲಿ ಇಲ್ಲ. ನಿಮಗೆ ಇರುವ ರಕ್ಷಣೆ ಎಲ್ಲ, ಯಾರನ್ನೇ ಆಗಲಿ ತೆಗೆಯುವ ರೀತಿ ಹೇಗಿರಬೇಕು ಅನ್ನುವ ನಿಯಮಗಳಲ್ಲಿದೆ. ಕರ್ನಾಟಕದಲ್ಲಿ ಅಂಗಡಿ, ಆಫೀಸು, ಐಟಿ ಕಂಪನಿ ಇಂಥ ಕಡೆ ದುಡಿಯುವವರಿಗೆ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಸೆಕ್ಷನ್ ಇದೆ. ಸತತ ಆರು ತಿಂಗಳು ಕೆಲಸ ಮಾಡಿದವರನ್ನು ತೆಗೆಯಬೇಕಾದರೆ ಸರಿಯಾದ ಕಾರಣ ಇರಬೇಕು, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲಿಗೆ ಸಂಬಳ ಕೊಡಬೇಕು. ನೋಟಿಸ್ ಇಲ್ಲದೆ ತೆಗೆಯಬೇಕು ಅಂದರೆ ದುರ್ನಡತೆ ಆಗಿರಬೇಕು, ಅದೂ ವಿಚಾರಣೆ ನಡೆಸಿ ಸಾಕ್ಷಿ ದಾಖಲಿಸಿದ ಮೇಲೆ. ರೆಸ್ಯೂಮೆ ಅಪ್‌ಡೇಟ್ ಮಾಡಿದ್ದು ದುರ್ನಡತೆ ಹೇಗಾಗುತ್ತದೆ, ನೀವೇ ಹೇಳಿ. ಇದನ್ನೇ ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದೆ ಮೇಲ್ಮನವಿಯಲ್ಲಿ ಹೇಳಬಹುದು. ಮೇಲ್ಮನವಿಗೆ ಗಡುವು ಇದೆ, ಆದ್ದರಿಂದ ಪತ್ರ ಕೈಗೆ ಬಂದ ವಾರದಲ್ಲೇ ಓಡಾಡಲು ಶುರು ಮಾಡಿ.

ಮ್ಯಾನೇಜ್‌ಮೆಂಟ್ ಹುದ್ದೆಯಲ್ಲಿರುವವರಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಆದರೆ ವಿಸಿಟಿಂಗ್ ಕಾರ್ಡಿನಲ್ಲಿ ಮ್ಯಾನೇಜರ್ ಅಂತ ಇದ್ದ ಮಾತ್ರಕ್ಕೆ ಸೋತುಬಿಡಬೇಡಿ, ನೀವು ದಿನವಿಡೀ ನಿಜವಾಗಿ ಏನು ಕೆಲಸ ಮಾಡುತ್ತಿದ್ದಿರಿ ಅನ್ನುವುದು ಮುಖ್ಯ. ನಿಜಕ್ಕೂ ಮ್ಯಾನೇಜರ್ ಆಗಿದ್ದರೆ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ಬರೆದ ನೋಟಿಸ್ ಅವಧಿಯ ದುಡ್ಡು ಕೇಳಬಹುದು, ಕೆಲಸವೇ ವಾಪಸ್ ಕೊಡಿಸಿ ಅಂತ ಸಿವಿಲ್ ಕೋರ್ಟಿಗೆ ಹೋದರೆ ಸಾಮಾನ್ಯವಾಗಿ ಸಿಗುವುದಿಲ್ಲ. ಆರು ತಿಂಗಳು ತುಂಬದವರಿಗೂ ಆಸರೆ ಆ ಲೆಟರ್ರೇ.

ಕಾರ್ಖಾನೆಯಲ್ಲಿ ಇದ್ದರೆ, ಅಥವಾ ಕಾನೂನಿನ ಪ್ರಕಾರ ನೀವು ವರ್ಕರ್ (ಸಾಮಾನ್ಯವಾಗಿ, ಮ್ಯಾನೇಜರ್ ಹುದ್ದೆಯಲ್ಲಿ ಇಲ್ಲದ ನೌಕರರು) ಆಗಿದ್ದರೆ, ಇನ್ನೊಂದು ದಾರಿ ಇದೆ. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಳೆ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿದ್ದ ಹಾಗೆ ಅದರ ಜಾಗಕ್ಕೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಒಬ್ಬರನ್ನೇ ತೆಗೆದರೂ ಅದು ಕೈಗಾರಿಕಾ ವಿವಾದವೇ, ಯೂನಿಯನ್ ಇಲ್ಲದೆ ನೀವೊಬ್ಬರೇ ಇಲಾಖೆಯ ಸಂಧಾನ ಅಧಿಕಾರಿಯ ಹತ್ತಿರ ಹೋಗಬಹುದು. ಎರಡು ವರ್ಷ ದಾಟಿದರೆ ಸಂಧಾನಕ್ಕೆ ತೆಗೆದುಕೊಳ್ಳುವುದಿಲ್ಲ.

ದುಡ್ಡಿನ ಲೆಕ್ಕ ನೀವೇ ಹಾಕಿಕೊಳ್ಳಿ, ಎಚ್‌ಆರ್ ಕಳಿಸಿದ ಶೀಟನ್ನು ಸುಮ್ನೆ ನಂಬಬೇಡಿ. ಹೊಸ ವೇತನ ಸಂಹಿತೆಯ ಪ್ರಕಾರ ತೆಗೆದ ಎರಡು ಕೆಲಸದ ದಿನಗಳ ಒಳಗೆ ಬಾಕಿ ಸಂಬಳ ಕೊಡಬೇಕು, 45 ದಿನ ಆಗುತ್ತದೆ ಅನ್ನುವುದು ಅವರ ಅಭ್ಯಾಸ ಅಷ್ಟೇ. ಉಳಿದ ಗಳಿಕೆ ರಜೆಯ ದುಡ್ಡೂ ನಿಮ್ಮದೇ. ಐದು ವರ್ಷ ತುಂಬಿದ್ದರೆ ಗ್ರಾಚ್ಯುಟಿ ಇದೆ: ಗ್ರಾಚ್ಯುಟಿಗೆ ಲೆಕ್ಕವಾಗುವ ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿ. ಆ ವೇತನ 26,000 ರೂಪಾಯಿ, ಏಳು ವರ್ಷ ಸೇವೆ ಅಂದರೆ 1,05,000 ರೂಪಾಯಿ. ಬೇರೆ ಕಡೆ ಇಂಟರ್‌ವ್ಯೂ ಕೊಟ್ಟರು ಅಂತ ಇದನ್ನು ತಡೆಹಿಡಿಯುವ ಹಾಗಿಲ್ಲ. ಪಿಎಫ್ ಅಂತೂ ನಿಮ್ಮ ಯುಎಎನ್ (ಕಂಪನಿ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ಖಾತೆಯಲ್ಲಿರುತ್ತದೆ, ಕಂಪನಿ ಮುಟ್ಟುವ ಹಾಗಿಲ್ಲ. ಬಿಟ್ಟ ದಿನಾಂಕವನ್ನು ಅವರು ಹಾಕದೆ ಸತಾಯಿಸಿದರೆ, ಕೊನೆಯ ಕಂತು ಬಂದು ಎರಡು ತಿಂಗಳಾದ ಮೇಲೆ ಇಪಿಎಫ್‌ಒ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು.

ಇನ್ನೊಂದು ಬೆದರಿಕೆ ಬರುತ್ತದೆ. "ಇದೇ ಲೈನಿನ ಕಂಪನಿಗೆ ಒಂದು ವರ್ಷ ಸೇರೋ ಹಾಗಿಲ್ಲ, ಸಹಿ ಹಾಕಿದ್ದೀರಿ." ಕೆಲಸ ಬಿಟ್ಟ ಮೇಲೆ ನಿಮ್ಮ ದುಡಿಮೆಗೆ ಅಡ್ಡ ಹಾಕುವ ಇಂಥ ಷರತ್ತು 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ನಿಲ್ಲುವುದಿಲ್ಲ. ಬಾಂಡ್ ಮಾತ್ರ ಬೇರೆ ವಿಷಯ. ವಿಜಯಾ ಬ್ಯಾಂಕಿನ ಕೇಸಿನಲ್ಲಿ, ಮೂರು ವರ್ಷಕ್ಕೆ ಮುಂಚೆ ಬಿಟ್ಟರೆ ಎರಡು ಲಕ್ಷ ಕಟ್ಟಬೇಕು ಅನ್ನುವ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಆದರೆ ಅಲ್ಲಿ ನೌಕರರೇ ಬಿಟ್ಟು ಹೋಗಿದ್ದರು. ನೋಡಿ, ಮತ್ತೆ ಆ ರಾಜೀನಾಮೆ ಹಾಳೆಗೇ ಬಂದೆವು: ಬಾಂಡ್ ಇದ್ದವರು ಅದಕ್ಕೆ ಸಹಿ ಹಾಕಿದರೆ ನೋಟಿಸ್ ದುಡ್ಡಿನ ಜೊತೆ ಬಾಂಡ್ ದುಡ್ಡನ್ನೂ ತಲೆ ಮೇಲೆ ಎಳೆದುಕೊಂಡ ಹಾಗೆ.

ಇನ್ನೂ ಹುಡುಕುತ್ತಿರುವವರು, ಯಾರಿಗೂ ಗೊತ್ತಾಗಿಲ್ಲ ಅನ್ನುವವರು, ಇಷ್ಟು ಮಾಡಿ. ಆಫೀಸ್ ಲ್ಯಾಪ್‌ಟಾಪ್, ಆಫೀಸ್ ವೈಫೈ, ಆಫೀಸ್ ಮೇಲ್ ಯಾವುದರಲ್ಲೂ ರೆಸ್ಯೂಮೆ ಕಳಿಸಬೇಡಿ. ನೌಕ್ರಿಯಲ್ಲಿ ನಿಮ್ಮ ಕಂಪನಿಯನ್ನು ಬ್ಲಾಕ್ ಮಾಡಿ. ಲಿಂಕ್ಡ್‌ಇನ್‌ನಲ್ಲಿ ನೇಮಕಾತಿಯವರಿಗೆ ಮಾತ್ರ ಕಾಣುವ ಹಾಗೆ ಇಟ್ಟರೂ ಪೂರ್ತಿ ಗುಟ್ಟಾಗಿರುತ್ತದೆ ಅಂತ ಲಿಂಕ್ಡ್‌ಇನ್ ಕೂಡ ಭರವಸೆ ಕೊಡುವುದಿಲ್ಲ. ಜ್ವರ ಅಂತ ರಜೆ ಹಾಕಿ ಇಂಟರ್‌ವ್ಯೂಗೆ ಹೋಗಬೇಡಿ, ಸಾದಾ ರಜೆ ಹಾಕಿ. ಹುಡುಕುವುದು ತಪ್ಪಲ್ಲ, ಸುಳ್ಳು ಹೇಳಿ ಹೋದದ್ದನ್ನು ತಪ್ಪು ಅಂತ ತೋರಿಸಬಹುದು. ಎರಡು ಕಡೆ ಒಟ್ಟಿಗೆ ಕೆಲಸ ಮಾಡುವುದು ಬೇರೆಯೇ ವಿಷಯ, ಅಲ್ಲಿ ಈ ವಾದ ನಡೆಯುವುದಿಲ್ಲ.

ಅಪಾಯಿಂಟ್‌ಮೆಂಟ್ ಲೆಟರ್, ಸಂಬಳದ ಸ್ಲಿಪ್ಪುಗಳು, ಫಾರ್ಮ್ 16, ಅಪ್ರೈಸಲ್ ಪತ್ರ ಇವನ್ನೆಲ್ಲ ಇವತ್ತೇ ಇಳಿಸಿ ಸ್ವಂತ ಡ್ರೈವಿನಲ್ಲಿ ಇಡಿ. ತೆಗೆದ ಕ್ಷಣದಲ್ಲಿ ಲಾಗಿನ್ ಹೋಗುತ್ತದೆ. ಕಂಪನಿಯ ಕಸ್ಟಮರ್ ಪಟ್ಟಿ, ಕೋಡು ಇಂಥವನ್ನು ಮಾತ್ರ ಮುಟ್ಟಬೇಡಿ, ನಿಜವಾದ ದುರ್ನಡತೆಯ ಕೇಸನ್ನು ಅವರ ಕೈಗೆ ನೀವೇ ಕೊಟ್ಟಂತಾಗುತ್ತದೆ.

ದೂರು ಕೊಡಲು ನಿಮ್ಮ ಜಿಲ್ಲೆಯ ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ. ಬೆಂಗಳೂರಿನವರಾದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ನಿಮ್ಮ ಏರಿಯಾಗೆ ಯಾವ ಕಚೇರಿ ಅಂತ ವಿಚಾರಿಸಿ. ದೂರನ್ನು ಕನ್ನಡದಲ್ಲೇ ಬರೆಯಿರಿ, ದಿನಾಂಕದ ಪ್ರಕಾರ ಒಂದೂವರೆ ಪುಟ ಸಾಕು. ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲು, ಸಹಿ ಹಾಕಿಸಿಕೊಂಡೇ ಬನ್ನಿ. ಐಟಿಯವರಿಗೆ ಕೆಐಟಿಯು ಅನ್ನುವ ಯೂನಿಯನ್ ಇದೆ, ಅವರ ಹತ್ತಿರವೂ ಹೇಳಿಕೊಳ್ಳಬಹುದು. ವಕೀಲರಿಗೆ ದುಡ್ಡಿಲ್ಲ ಅಂದರೆ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.