ಕಾಲೇಜ್ ಖೋಖೋ ಟೀಮ್‌ಗೆ ಸಪೋರ್ಟ್ ಮಾಡೋರಿಗೆ ಒಂದಿಷ್ಟು ಸಲಹೆ
ಫ್ರೆಂಡ್ಸ್, ಕ್ರಿಕೆಟ್ ಮ್ಯಾಚ್ ಅಂದ್ರೆ ಇಡೀ ಕಾಲೇಜೇ ಬರುತ್ತೆ, ಅದೇ ಪಕ್ಕದ ಗ್ರೌಂಡಲ್ಲಿ ನಮ್ ಖೋಖೋ ಹುಡ್ಗೀರು ಆಡ್ತಿದ್ರೆ ನೋಡೋಕೆ ನಾಲ್ಕು ಜನಾನೂ ಇರಲ್ಲ, ಇದು ನಂಗೆ ತುಂಬಾ ಬೇಜಾರು. 2025ರಲ್ಲಿ ದೆಹಲಿಲಿ ನಡೆದ ಮೊದಲ ಖೋಖೋ ವರ್ಲ್ಡ್ ಕಪ್ಪನ್ನ ಹುಡುಗ್ರು ಹುಡ್ಗೀರು ಎರಡೂ ಟೀಮಲ್ಲಿ ಇಂಡಿಯಾನೇ ಗೆದ್ದಿದ್ದು, ಅದ್ರಲ್ಲಿ ನಮ್ ಕರ್ನಾಟಕದ ಚೈತ್ರಾ, ಗೌತಮ್ ಇಬ್ರೂ ಇದ್ರು.

ಮೊದಲು ಮ್ಯಾಚ್ ಟೈಮು, ಗ್ರೌಂಡು ಎರಡನ್ನೂ ಪಿಟಿ ಸರ್ ಹತ್ರ ಕೇಳಿ ಹಿಂದಿನ ದಿನಾನೇ ಕ್ಲಾಸ್ ಗ್ರೂಪಿಗೆ ಹಾಕಿ. ಒಂದು ಟರ್ನ್ (ಒಂದು ಟೀಮು ಚೇಸ್ ಮಾಡಿ, ಇನ್ನೊಂದು ಓಡೋ ಸರದಿ) ಸಾಮಾನ್ಯವಾಗಿ 9 ನಿಮಿಷ, ಒಟ್ಟು 4 ಟರ್ನು, ಅಂದ್ರೆ ಬ್ರೇಕ್ ಸೇರಿದ್ರೂ ಒಂದು ಗಂಟೆಲಿ ಮುಗಿಯುತ್ತೆ ಅಂತಾನೂ ಬರೀರಿ, ಟೈಮ್ ಇಲ್ಲ ಅನ್ನೋರೂ ಬರ್ತಾರೆ.

ಮುಖ್ಯವಾದ್ದು, ನಮ್ಮೋರು ಚೇಸ್ ಮಾಡುವಾಗ ಹೊರಗಿಂದ ಯಾರೂ "ಖೋ" ಅಂತ ಕೂಗಲೇಬೇಡಿ, ಸೀಟಿನೂ ಬೇಡ. ಕೂತಿರೋ ಎಂಟು ಜನ ಹಿಂದಿಂದ ಮುಟ್ಟಿ ಹೇಳೋ ಆ ಒಂದು "ಖೋ" ನಂಬ್ಕೊಂಡೇ ಏಳೋದು, ನಾವು ಕೂಗಿದ್ರೆ ಕನ್‌ಫ್ಯೂಸ್ ಆಗಿ ಎದ್ದುಬಿಟ್ರೆ ಫೌಲು. ಎದುರಾಳಿ ಔಟ್ ಆದಾಗ ಚಪ್ಪಾಳೆ ಹೊಡೀರಿ, ನಮ್ಮೋರು ಓಡುವಾಗಂತೂ ಹೆಸರು ಹಿಡಿದು ಕೂಗಿ, ಮೂರು ಮೂರು ಜನಾನೇ ಒಳಗೆ ಬರೋದ್ರಿಂದ ಹೆಸರು ಕಲಿಯೋದು ಸುಲಭ.

ಆಮೇಲೆ ಟೂರ್ನಮೆಂಟ್‌ಗೆ ಹೋದೋರ ನೋಟ್ಸು, ಲ್ಯಾಬ್ ರೆಕಾರ್ಡು ಯಾರು ಕೊಡ್ತೀರ ಅಂತ ಮೊದ್ಲೇ ಹಂಚ್ಕೊಳ್ಳಿ, ಇದು ಬ್ಯಾನರ್‌ಗಿಂತ ದೊಡ್ಡ ಸಪೋರ್ಟು.