ನಮ್ಮ ಆರ್‌ವಿ ನೆಟ್ಟಗೆ ಓಡುವಂತೆ ಮಾಡಿದ್ದು

ನಮ್ಮ ಆರ್‌ವಿ, ಅಂದರೆ ಒಳಗೇ ಉಳಿಯಬಹುದಾದ ಮನೆಗಾಡಿ, 31 ಅಡಿಯ ಕ್ಲಾಸ್ ಸಿ ಮೋಟರ್‌ಹೋಮ್. ಫೋರ್ಡ್ ಇ-450 ಚಾಸಿ, ಡ್ರೈವರ್ ತಲೆಯ ಮೇಲೆ ಮಲಗುವ ಜಾಗ, ಹಿಂದೆ ಜೋಡಿ ಚಕ್ರ. ಕ್ಯಾಲಿಫೋರ್ನಿಯಾದಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಮನೆಯಾಗಿ ಅದರಲ್ಲಿ ಯಾವ ಕೊರತೆಯೂ ಇರಲಿಲ್ಲ. ಓಡಿಸುವುದೇ ಕಷ್ಟ. ಐ-5 ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೊರಟರೆ ಗ್ರೇಪ್‌ವೈನ್ ಏರು ಬರುವಷ್ಟರಲ್ಲಿ ಎರಡೂ ಭುಜ ಹಿಡಿದುಕೊಳ್ಳುತ್ತಿದ್ದವು.

ಯಾರನ್ನು ಕೇಳಿದರೂ ಒಂದೇ ಸಲಹೆ: ‘ಸ್ಟೇರಿಂಗ್ ಸ್ಟೆಬಿಲೈಜರ್ ಹಾಕ್ಸಿಬಿಡಿ.’ ಅದು ಸ್ಟೇರಿಂಗ್‌ನ ಅಲುಗಾಟ, ಎಳೆತ ತಡೆಯುವ ಶಾಕ್ ಅಬ್ಸಾರ್ಬರ್‌ನಂಥ ಸಾಧನ. ನಾನು ಇವತ್ತಿನವರೆಗೂ ಅದನ್ನು ಹಾಕಿಸಿಲ್ಲ. ಅದಕ್ಕಿಂತ ಮುಂಚೆ ಮಾಡಬೇಕಾದ ಕೆಲಸಗಳು ಬೇಕಾದಷ್ಟಿದ್ದವು. ಅವು ಮುಗಿಯುವ ಹೊತ್ತಿಗೆ ಅದರ ಅಗತ್ಯವೇ ಉಳಿಯಲಿಲ್ಲ.

ಗಾಡಿ ಸರಿಯಿಲ್ಲ ಅಂದರೆ ಸಾಲದು, ಯಾವಾಗ ಏನು ಮಾಡುತ್ತದೆ ಅಂತ ನೋಡಬೇಕು. ನಮ್ಮದರಲ್ಲಿ ಮೂರು ತೊಂದರೆ ಇತ್ತು. ಗಾಳಿ ಇಲ್ಲದ ನೇರ ರಸ್ತೆಯಲ್ಲೂ ಅದು ಲೇನ್‌ನೊಳಗೆ ಎಡಕ್ಕೂ ಬಲಕ್ಕೂ ಅಲೆಯುತ್ತಿತ್ತು. ಪೆಟ್ರೋಲ್ ಬಂಕಿನ ಇಳಿಜಾರು ಹತ್ತುವಾಗ ಇಡೀ ಮೈ ಪಕ್ಕಕ್ಕೆ ವಾಲಿ, ಅಡುಗೆ ಕಪಾಟಿನ ಡಬ್ಬಿಗಳೆಲ್ಲ ಸದ್ದು ಮಾಡುತ್ತಿದ್ದವು. ದೊಡ್ಡ ಟ್ರಕ್ ಹಿಂದಿನಿಂದ ಬಂದು ದಾಟುವಾಗ ಯಾರೋ ಬಾಲವನ್ನು ತಳ್ಳಿದ ಹಾಗಾಗುತ್ತಿತ್ತು. ಇವು ಮೂರಕ್ಕೂ ಕಾರಣ ಬೇರೆ ಬೇರೆ. ಒಂದೇ ಸಾಮಾನಿನಿಂದ ಮೂರೂ ಹೋಗುವುದಿಲ್ಲ.

ಮೊದಲು ತೂಕ ಹಾಕಿಸಿದೆ. ಟ್ರಕ್ ಸ್ಟಾಪ್‌ಗಳಲ್ಲಿ ಇರುವ ಕ್ಯಾಟ್ ಸ್ಕೇಲ್ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಎರಡರ ತೂಕವನ್ನೂ ಬೇರೆ ಬೇರೆಯಾಗಿ ಕೊಡುತ್ತದೆ. ಪ್ರವಾಸಕ್ಕೆ ಹೊರಟಾಗ ಹೇಗಿರುತ್ತದೋ ಹಾಗೇ ಹೋಗಬೇಕು. ನೀರು ತುಂಬಿರಬೇಕು, ಅಕ್ಕಿ ಬೇಳೆ ಇರಬೇಕು, ಮನೆಯವರೂ ಕೂತಿರಬೇಕು. ಒಟ್ಟು ಮಿತಿ 14,500 ಪೌಂಡ್, ಅಂದರೆ ಸುಮಾರು 6,580 ಕಿಲೋ. ನಮ್ಮದು ಅದಕ್ಕಿಂತ ಕಡಿಮೆಯೇ ಇತ್ತು. ಆದರೆ ಮುಂದೆ 3,980, ಹಿಂದೆ 9,300! ಮುಂದಿನ ಆಕ್ಸಲ್ ತಾಳುವುದು 5,000. ಹಿಂದೆ ಭಾರ ಮಿತಿಯ ಅಂಚಿಗೆ ಬಂದಿತ್ತು, ಮುಂದೆ ಚಕ್ರ ನೆಲವನ್ನು ಒತ್ತಿ ಹಿಡಿಯುವಷ್ಟು ಭಾರವೇ ಇರಲಿಲ್ಲ.

ಇಂಥ ಗಾಡಿಯಲ್ಲಿ ಹಿಂದಿನ ಚಕ್ರದಿಂದಾಚೆ ಹತ್ತು ಅಡಿ ಬಾಲ ಇರುತ್ತದೆ. ಎರಡು ಆಕ್ಸಲ್‌ಗಳ ನಡುವೆ ಹದಿನೆಂಟು ಅಡಿ. ಬಾಲದ ತುದಿಗೆ 100 ಪೌಂಡ್ ನೇತುಹಾಕಿದರೆ ಹಿಂದಿನ ಆಕ್ಸಲ್ ಮೇಲೆ ಬೀಳುವುದು 155. ಮುಂದಿನ ಆಕ್ಸಲ್ 55 ಪೌಂಡ್ ಹಗುರವಾಗುತ್ತದೆ. ನಮ್ಮ ಬಂಪರ್ ಮೇಲೆ ಬ್ಯಾಟರಿ ಸೈಕಲ್‌ಗಳ ಸ್ಟ್ಯಾಂಡ್ ಇತ್ತು. ಅದನ್ನು ಬಿಚ್ಚಿದೆವು. ಹಿಂದಿನ ಡಿಕ್ಕಿಯಲ್ಲಿದ್ದ ಟೂಲ್ ಪೆಟ್ಟಿಗೆ, ಸೋನಾ ಮಸೂರಿ ಮೂಟೆ, ಅಮ್ಮ ಊರಿಂದ ಬಂದಾಗ ಬಿಡದೆ ಜೊತೆಗೆ ತರಿಸುವ ಗ್ರೈಂಡರ್ ಎಲ್ಲ ಮುಂದಿನ ಕಂಪಾರ್ಟ್‌ಮೆಂಟಿಗೆ ಬಂದವು. ‘ಅದು ಅಲ್ಲಿದ್ರೆ ಏನಾಯ್ತೋ?’ ಅಂತ ಅಮ್ಮ ಕೇಳಿದರು. ಮತ್ತೆ ತೂಕ ಹಾಕಿಸಿದಾಗ ಮುಂದೆ 4,150 ದಾಟಿತ್ತು, ಹಿಂದೆ 9,000ಕ್ಕಿಂತ ಕೆಳಗೆ ಇಳಿದಿತ್ತು. ಖರ್ಚು ಅಂದರೆ ತೂಕದ ಚೀಟಿಯ ದುಡ್ಡು, ಅಷ್ಟೇ.

ತೂಕ ಗೊತ್ತಿಲ್ಲದೆ ಟೈರಿಗೆ ಎಷ್ಟು ಗಾಳಿ ಅಂತ ಹೇಳಲು ಆಗುವುದಿಲ್ಲ. ನಮ್ಮ ಟೈರಿನ ಪಕ್ಕದಲ್ಲಿ 80 ಪಿಎಸ್‌ಐ ಅಂತ ಇದೆ. ಅದು ಪೂರ್ತಿ ಭಾರ ಹೊರುವಾಗಿನ ಲೆಕ್ಕ. ಆ ಗಾಳಿಗೆ ಒಂಟಿ ಟೈರ್ 2,680 ಪೌಂಡ್ ಹೊರುತ್ತದೆ, ಜೋಡಿಯಲ್ಲಿದ್ದರೆ ಒಂದೊಂದು 2,470. ನಮ್ಮ ಮುಂದಿನ ಟೈರುಗಳ ಮೇಲೆ ತಲಾ 2,100 ಕೂಡ ಇಲ್ಲ. ಅಂಥದ್ದಕ್ಕೆ 80 ತುಂಬಿದರೆ ಟೈರ್ ಉಬ್ಬಿ ನಡುವಿನ ಪಟ್ಟಿ ಮಾತ್ರ ರಸ್ತೆಗೆ ತಾಗುತ್ತದೆ. ಗಾಡಿ ಅಲೆಯುವುದು ಇಲ್ಲಿಂದಲೇ ಶುರು. ಟೈರ್ ಕಂಪನಿಯ ಭಾರದ ಪಟ್ಟಿ ನೋಡಿ ಮುಂದೆ 65 ಇಟ್ಟೆ. ಹಿಂದೆ 80ನ್ನೇ ಉಳಿಸಿದೆ, ಅಲ್ಲಿ ಭಾರ ನಿಜವಾಗಿ ಅಷ್ಟಿದೆ. ಗಾಳಿ ನೋಡುವುದು ಬೆಳಗ್ಗೆ, ಟೈರ್ ತಣ್ಣಗಿರುವಾಗ. ಭಾರದ ಪಟ್ಟಿಯ ಲೆಕ್ಕಕ್ಕಿಂತ ಕೆಳಗೆ ಮಾತ್ರ ಯಾವತ್ತೂ ಇಳಿಸಬಾರದು.

ಇಷ್ಟಕ್ಕೇ ಅಲೆದಾಟ ಅರ್ಧ ನಿಂತಿತು. ವಾಲುವುದು ನಿಲ್ಲಲಿಲ್ಲ, ಅದು ಟೈರಿನ ಕೆಲಸವಲ್ಲವಲ್ಲ. ಕೆಳಗೆ ಮಲಗಿ ನೋಡಿದರೆ ಗಾಡಿ ವಾಲದಂತೆ ತಡೆಯುವ ಹಿಂದಿನ ಸರಳು, ಅಂದರೆ ಆಂಟಿ-ಸ್ವೇ ಬಾರ್‌ನ ರಬ್ಬರ್ ಬುಷ್ ಬಿರುಕು ಬಿಟ್ಟು ಸವೆದಿತ್ತು. ದಪ್ಪನೆಯ ಹೆಲ್‌ವಿಗ್ ಬಾರ್ ತರಿಸಿ ಹಾಕಿದೆ. ಬಿಲ್‌ಸ್ಟೈನ್ ಶಾಕ್ ಅಬ್ಸಾರ್ಬರ್‌ಗಳನ್ನೂ ಹಾಕಿಸಿದೆ. ಬಂಕಿನ ಇಳಿಜಾರಿನಲ್ಲಿ ಈಗ ಒಂದು ಸಲ ವಾಲಿ ಸುಮ್ಮನಾಗುತ್ತದೆ. ಹೊಸ ಪಾಲಿಯೂರಿಥೇನ್ ಬುಷ್‌ಗಳಿಗೆ ಗ್ರೀಸ್ ಕಡಿಮೆಯಾದರೆ ಕಿರ್ ಕಿರ್ ಅನ್ನುತ್ತವೆ, ಅದೊಂದು ಕಾಟ.

ನನಗೆ ಅತಿ ಹೆಚ್ಚು ವ್ಯತ್ಯಾಸ ಕಂಡದ್ದು ಹಿಂದಿನ ಟ್ರ್ಯಾಕ್ ಬಾರ್‌ನಲ್ಲಿ. ಹಿಂದಿನ ಆಕ್ಸಲ್ ಬರೀ ಕಮಾನು ಪಟ್ಟಿಗಳ ಮೇಲೆ ನಿಂತಿರುತ್ತದೆ. ಪಟ್ಟಿಗಳು ಮೇಲೆ ಕೆಳಗೆ ಆಡುವುದಲ್ಲದೆ ಪಕ್ಕಕ್ಕೂ ಸ್ವಲ್ಪ ಬಾಗುತ್ತವೆ, ಬುಷ್‌ಗಳೂ ಬಾಗುತ್ತವೆ. ಟ್ರಕ್ ದಾಟುವಾಗ ಅದರ ಮೂತಿ ತಳ್ಳಿಕೊಂಡು ಬರುವ ಗಾಳಿ ಮೊದಲು ನಮ್ಮ ಬಾಲಕ್ಕೆ ಬಡಿಯುತ್ತದೆ. ಆಗ ಮೈ ಪಕ್ಕಕ್ಕೆ ಜರುಗುತ್ತದೆ, ಚಕ್ರ ಇದ್ದಲ್ಲೇ ಇರುತ್ತದೆ. ನಾವು ಸ್ಟೇರಿಂಗ್ ತಿರುಗಿಸುವ ಹೊತ್ತಿಗೆ ಮೈ ವಾಪಸ್ ಬರುತ್ತದೆ, ಆಗ ಆ ಕಡೆಗೆ ತಿರುಗಿಸಬೇಕು. ಟ್ರ್ಯಾಕ್ ಬಾರ್ ಅಂದರೆ ಒಂದು ಅಡ್ಡ ಸರಳು. ಒಂದು ತುದಿ ಆಕ್ಸಲ್‌ಗೆ, ಇನ್ನೊಂದು ಚಾಸಿಗೆ. ಪಕ್ಕದ ಜರುಗಾಟ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ಟೆಹಾಚಪಿ ಇಳಿದು ಮೊಹಾವೆ ಕಡೆ ಹೋಗುವ 58ನೇ ಹೆದ್ದಾರಿಯಲ್ಲಿ ಅಡ್ಡಗಾಳಿ ಜೋರು. ಅಲ್ಲೂ ಈಗ ಒಂದು ಕೈಯಲ್ಲಿ ನೀರಿನ ಬಾಟಲಿ ಇಸಿದುಕೊಳ್ಳುವಷ್ಟು ಧೈರ್ಯ ಬಂದಿದೆ.

ಅಲೈನ್‌ಮೆಂಟ್ ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ. ಮುಖ್ಯವಾದದ್ದು ಕ್ಯಾಸ್ಟರ್. ಸೈಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುತ್ತದಲ್ಲ, ಅದರಿಂದಲೇ ಓಡುವಾಗ ಚಕ್ರ ತಾನಾಗಿ ನೆಟ್ಟಗಾಗುವುದು. ಇದೂ ಅದೇ ಕೋನ. ಅದು ಕಡಿಮೆಯಿದ್ದರೆ ಸ್ಟೇರಿಂಗ್ ತಾನಾಗಿ ನಡುವಿಗೆ ಬರುವುದಿಲ್ಲ. ಹಿಂಭಾಗ ಎರಡು ಇಂಚು ಮೇಲೆದ್ದರೆ ಸುಮಾರು ಅರ್ಧ ಡಿಗ್ರಿ ಕ್ಯಾಸ್ಟರ್ ಕಳೆದುಹೋಗುತ್ತದೆ. ಹಿಂದೆ ಏರ್ ಬ್ಯಾಗ್ (ಗಾಡಿಯನ್ನು ಎತ್ತಿ ಹಿಡಿಯುವ ಗಾಳಿ ಚೀಲ) ಹಾಕಿಸಿದ ಮೇಲೆ ಗಾಡಿ ಇನ್ನೂ ಜಾಸ್ತಿ ಅಲೆಯುತ್ತೆ ಅಂತ ಕೆಲವರು ಹೇಳುವುದು ಇದಕ್ಕೇ. ಎತ್ತರ ಬದಲಾಗುವ ಕೆಲಸವೆಲ್ಲ ಮುಗಿದ ಮೇಲೆಯೇ ಅಲೈನ್‌ಮೆಂಟ್‌ಗೆ ಹೋಗಬೇಕು.

ಕಾರಿನ ಅಂಗಡಿಯಲ್ಲಿ ಈ ಗಾಡಿಗೆ ಲಿಫ್ಟ್ ಸಾಲುವುದಿಲ್ಲ. ಮೊದಲು ಹೋದ ಟ್ರಕ್ ಅಂಗಡಿಯವರು ಟೋ, ಅಂದರೆ ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ, ಅದನ್ನು ಮಾತ್ರ ತಿದ್ದಿ ಬಿಲ್ ಕೊಟ್ಟರು. ಈ ಫೋರ್ಡ್‌ನಲ್ಲಿ ಮುಂದೆ ಇರುವುದು ಟ್ವಿನ್ ಐ-ಬೀಮ್, ಅಂದರೆ ಒಂದೊಂದು ಚಕ್ರಕ್ಕೆ ಒಂದೊಂದು ಉಕ್ಕಿನ ತೊಲೆ. ಕ್ಯಾಸ್ಟರ್ ಬದಲಿಸಬೇಕು ಅಂದರೆ ಚಕ್ರ ತಿರುಗುವ ಕೀಲಾದ ಬಾಲ್ ಜಾಯಿಂಟ್ ಮೇಲಿನ ಬುಷ್ ತೆಗೆದು ಬೇರೆ ಕೋನದ್ದು ಹಾಕಬೇಕು. ಆ ಕೆಲಸ ಗೊತ್ತಿದ್ದ ಇನ್ನೊಬ್ಬರನ್ನು ಹುಡುಕಿ, ಪ್ರವಾಸದ ಸಾಮಾನು ತುಂಬಿಕೊಂಡೇ ಹೋದೆ. ಮೂರರ ಹತ್ತಿರ ಇದ್ದದ್ದು ಐದು ಡಿಗ್ರಿಗೆ ಬಂತು. ಮೊದಲಿನ ಮತ್ತು ಆಮೇಲಿನ ಅಳತೆಯ ಪ್ರಿಂಟ್ ಕೇಳಿ ತಗೊಳ್ಳಿ. ಪಾರ್ಕಿಂಗ್ ಮಾಡುವಾಗ ಸ್ಟೇರಿಂಗ್ ಸ್ವಲ್ಪ ಭಾರ ಅನಿಸುತ್ತದೆ, ಪವರ್ ಸ್ಟೇರಿಂಗ್ ಇರುವಾಗ ಅದೇನು ದೊಡ್ಡದಲ್ಲ.

ಸ್ಟೆಬಿಲೈಜರ್ ಕೆಟ್ಟದ್ದು ಅಂತಲ್ಲ. ಮುಂದಿನ ಟೈರ್ ಸಿಡಿದಾಗ ಅದು ಕೈಗೆ ಆಸರೆ ಕೊಡುತ್ತದೆ. ಆದರೆ ಸವೆದ ಬುಷ್, ತಪ್ಪು ಗಾಳಿ, ಕಡಿಮೆ ಕ್ಯಾಸ್ಟರ್ ಎಲ್ಲವನ್ನೂ ಮುಚ್ಚಿಡುವುದಕ್ಕೆ ಅದನ್ನು ಬಳಸಿದರೆ ರೋಗ ಒಳಗೇ ಉಳಿಯುತ್ತದೆ.

ಹೊಸದಾಗಿ ಹಾಕಿದ ಬಾರ್‌ಗಳ ಬೋಲ್ಟ್‌ಗಳನ್ನು ಕೆಲವು ನೂರು ಮೈಲಿ ಓಡಿದ ಮೇಲೆ ಟಾರ್ಕ್ ರೆಂಚ್ ಹಿಡಿದು ಇನ್ನೊಮ್ಮೆ ಬಿಗಿ ಮಾಡಿ. ನಮ್ಮದರಲ್ಲಿ ಟ್ರ್ಯಾಕ್ ಬಾರ್‌ನ ಚಾಸಿ ಕಡೆಯ ಬೋಲ್ಟ್ ಕಾಲು ಸುತ್ತು ತಿರುಗಿತು.